ತಾಳ್ಯದ ಬಾಣಂತಿ ಮಂಚ

ಮದಕರಿಪುರದಲ್ಲಿ ನಿಂಗಕ್ಕನ ಮನೆಗೆ ಬಂದವರು ಒಮ್ಮೆ ಕುಳಿತ ಕುರ್ಚಿಯಲ್ಲಿ ಎರಡನೆಯ ಸಲ ಕುಳಿತದ್ದೇ ಇಲ್ಲ. ಅಷ್ಟರಲ್ಲಿ ಅದು ಮಾರಿಹೋಗಿರುತ್ತಿತ್ತು. ಬೀಗರು ಬಂದಾಗ ಹೊಳಲ್ಕೆರೆಯ ಯಾವುದೋ ಮುಚ್ಚಿದ ಹೋಟೆಲಿನ ಬೆಂಚು ಹಾಕಿದ್ದರೆ, ಅವರು ಮುಂದಿನ ಹಬ್ಬಕ್ಕೆ ಬರುವ ಹೊತ್ತಿಗೆ ಅಲ್ಲಿ ಹಿರಿಯೂರಿನ ತೆಂಗಿನಕಾಯಿ ಮಂಡಿಯ ಕೈಕುರ್ಚಿ ಇರುತ್ತಿತ್ತು. ಗಂಡ ಮೂರ್ತಪ್ಪ ಕೆಡವುವ ಮನೆಗಳಿಗೆ ಹೋಗಿ ಹಳೆಯ ಮರದ ಸಾಮಾನು ಕೊಂಡು ತರುವನು, ಮುರಿದದ್ದನ್ನು ಜೋಡಿಸುವನು. ಜೋಡಿಸಿ ಮುಗಿದ ಮೇಲೆ ಅದು ನಿಂಗಕ್ಕನ ಕೈಗೆ. ಅವಳು ಉಪ್ಪುಕಾಗದ ಹಿಡಿದು ಉಜ್ಜಿ, ಪಾಲಿಶ್ ಹಚ್ಚಿ, ಹಸೆಮಣೆಯ ಮೇಲೆ ಕೂರಿಸುವ ಹೆಣ್ಣಿನ ಹಾಗೆ ಮಾಡುವಳು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ.

ಎಂಟು ತಿಂಗಳ ಹಿಂದೆ ಮೂರ್ತಪ್ಪನಿಗೆ ಲಕ್ವ ಹೊಡೆಯಿತು. ಮಾತು ತಿರುಗಿ ಬಂತು, ಕಾಲು ಕೋಲಿನ ಜೊತೆ ಬಂತು, ಬಲಗೈ ಮಾತ್ರ ಬರಲಿಲ್ಲ. ಅಂದಿನಿಂದ ಅವನು ಜಗಲಿ ಹಿಡಿದು ಕುಳಿತ. ಜಗಲಿಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆದರೂ ಎಂಟು ತಿಂಗಳಲ್ಲಿ ಒಂದು ಸಲವೂ ಆ ಕಡೆ ತಲೆ ಹಾಕಿರಲಿಲ್ಲ. ಕೈ ಆಡಿಸುತ್ತಿರಬೇಕೆಂದು ಡಾಕ್ಟರು ಹೇಳಿದ್ದರು. ಸೊಸೆ ರಮ್ಯಾ ಒಂದು ರಬ್ಬರ್ ಚೆಂಡು ತಂದುಕೊಟ್ಟಿದ್ದಳು. ಅದನ್ನು ಅವನು ಬೆಕ್ಕಿಗೆ ಎಸೆದಿದ್ದ.

ಒಂದು ಮಂಗಳವಾರ ರಾತ್ರಿ ಊಟಕ್ಕೆ ಕುಳಿತಾಗ, ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದ, “ಹೊಸದುರ್ಗದ ವಿನೋದ ಹತ್ಯಾರ ಕೇಳಿದ್ದ. ಸೋಮವಾರ ಬಾ ಅಂತ ಹೇಳೀನಿ. ಎಲ್ಲಾ ತಗಂಡು ಹೋಗ್ಲಿ.”

ನಿಂಗಕ್ಕ ಮುದ್ದೆಯ ಮೇಲೆ ಸಾರು ಬಿಟ್ಟಳು. ಉಳಿ, ಗರಗಸದಂಥ ಹತ್ಯಾರ ಹೋದರೆ ಶೆಡ್ಡು ಹೋಯಿತು, ಅದು ಅವಳಿಗೆ ದೊಡ್ಡದಲ್ಲ. ಆದರೆ ಹತ್ಯಾರ ಹೋದ ಮೇಲೆ ಈ ಮನುಷ್ಯ ಜಗಲಿಯಿಂದ ಏಳುವುದಕ್ಕೆ ಒಂದು ನೆಪವೂ ಉಳಿಯುವುದಿಲ್ಲ.

ಮರುದಿನ, ಬುಧವಾರ, ಹಿರಿಯೂರಿನಿಂದ ಉಷಾರಾಣಿ ಎಂಬ ಶಾಲೆಯ ಟೀಚರು ಬಂದರು. ಸಾಮಾನಿನ ಫೋಟೋಗಳನ್ನು ಫೋನಿನಲ್ಲಿ ಹಾಕುವುದು ರಮ್ಯಾಳ ಕೆಲಸ. ಅದರಲ್ಲಿ ಒಂದನ್ನು ನೋಡಿಕೊಂಡು ಬಂದಿದ್ದರು. ಗೋಡೆಗೆ ಒರಗಿಸಿ ಹಗ್ಗ ಕಟ್ಟಿದ್ದ ನಾಲ್ಕು ಕಾಲು, ನಾಲ್ಕು ಪಟ್ಟಿ.

“ಇದು ಬಾಣಂತಿ ಮಂಚ ಅಂತ ಬರ್ದಿದೀರಲ್ಲಾ, ಹೌದಾ ಅಮ್ಮ?”

“ಹೌದ್ರಿ ಟೀಚರಮ್ಮ. ತಾಳ್ಯದ ಓಬಯ್ಯನವರ ಮನೇದು. ಮೂರು ತಲೆಮಾರಿನ ಬಾಣಂತನ ಕಂಡೈತೆ. ಕುಂತ್ಕಳ್ರಿ.”

ಮೂರ್ತಪ್ಪ ಕಾಯಿಲೆಗೆ ಮುಂಚೆ ತಂದ ಕೊನೆಯ ಸಾಮಾನು ಅದು. ಆ ಮನೆ ಕೆಡವುವಾಗ ತಾನೇ ಕೈಯಾರೆ ಬಿಚ್ಚಿ, ಕಟ್ಟಿ ತಂದಿದ್ದ. ಷೋಕಿಗೆ ಇಡುವವರಿಗೆ ಮಾತ್ರ ಕೊಡಬೇಡವೆಂದು ಓಬಯ್ಯ ಅವನಿಂದ ಮಾತು ತೆಗೆದುಕೊಂಡಿದ್ದ. ಜೋಡಿಸುವಷ್ಟರಲ್ಲಿ ಲಕ್ವ ಬಂತು.

“ನನ್ನ ಮಗಳು ಸುಚಿತ್ರಾಗೆ ನಿನ್ನೆ ಹೆರಿಗೆ ಆಯ್ತು. ಭಾನುವಾರ ಮನೆಗೆ ಕರ್ಕೊಂಡು ಬರ್ತೀವಿ. ನಮ್ಮನೇಲಿರೋವೆಲ್ಲ ಹಲಗೆ ಹೊಡೆದ ಮಂಚ. ಕೆಳಗೆ ಕೆಂಡ ಇಟ್ರೆ ಬಿಸಿ ಬೆನ್ನಿಗೆ ಹೇಗೆ ತಾಗುತ್ತೆ? ನಮ್ಮಮ್ಮ ಒಂದೇ ಹಟ, ನವಾರಿನ ಮಂಚನೇ ಬೇಕು ಅಂತ. ಡಾಕ್ಟರು ಹೊಗೆ ಬೇಡ ಅಂದಿದಾರೆ. ಮಗೂನ ಬೇರೆ ಕೋಣೇಲಿ ಮಲಗಿಸಿ, ಬರೀ ಬಿಸಿ ಕೊಡೋದು ಅಂತ ರಾಜಿ ಆಗಿದೆ.” ಟೀಚರು ಹಗ್ಗದ ಕಟ್ಟಿನ ಕಡೆ ನೋಡಿದರು. “ಆದರೆ ಇದು ಬಿಚ್ಚಿದೆಯಲ್ಲಾ. ಯಾರು ಜೋಡಿಸ್ತಾರೆ?”

ರಮ್ಯಾ ಬಾಯಿ ತೆರೆಯುವಷ್ಟರಲ್ಲಿ ನಿಂಗಕ್ಕ ಹೇಳಿಬಿಟ್ಟಳು, “ಭಾನುವಾರ ಬೆಳಿಗ್ಗೆ ಬರ್ರಿ. ಕಟ್ಟಿ ಇಟ್ಟಿರ್ತೀನಿ.”

ಟೀಚರು ಹೋದ ಮೇಲೆ ರಮ್ಯಾ ಸೊಂಟಕ್ಕೆ ಕೈ ಇಟ್ಟು ನಿಂತಳು. “ಅತ್ತೆ, ಕಟ್ಟೋರು ಯಾರು?”

“ನಾನು.”

“ನೀವು ಯಾವತ್ತು ಜೋಡ್ಸಿದೀರಿ?”

“ಜೋಡಿಸಾದು ನೋಡೀನಲ್ಲಾ ಮೂವತ್ತು ವರ್ಷ! ಎಂಟು ತುದಿ, ಎಂಟು ತೂತು. ಅದೇನು ಕೋಟೆ ಕಟ್ಟಾದಾ?”

ಜಗಲಿಯಲ್ಲಿ ಕುಳಿತ ಮೂರ್ತಪ್ಪನಿಗೆ ಇದು ಕೇಳಿಸದೆ ಇರಲಿಲ್ಲ. ಆದರೆ ಅವನು ರಸ್ತೆಯ ಕಡೆ ಮುಖ ಮಾಡಿಕೊಂಡೇ ಇದ್ದ.

ಬುಧವಾರ ಮಧ್ಯಾಹ್ನ, ಗುರುವಾರ ಇಡೀ ದಿನ ನಿಂಗಕ್ಕ ಉಜ್ಜಿದಳು. ಹೊನ್ನೆ ಮರ. ಉಜ್ಜುತ್ತಾ ಹೋದಂತೆ ಕಪ್ಪು ಮಸಿ ಬಿಟ್ಟು ಒಳಗಿನ ಜೇನು ಬಣ್ಣ ಮೇಲೆ ಬಂತು. ಉದುರಿದ ಸಣ್ಣ ಚೂರುಗಳನ್ನು ಅವಳು ಬಿಸಾಡಲಿಲ್ಲ. ಗಂಡನ ಸಕ್ಕರೆ ಕಾಯಿಲೆಗೆ ನೀರಿನಲ್ಲಿ ನೆನೆಹಾಕಿ ಕೊಡಲು ಒಂದು ಲೋಟದಲ್ಲಿ ತೆಗೆದಿಟ್ಟಳು. ಕಾಲುಗಳ ತಲೆಯ ಹತ್ತಿರ, ಪಟ್ಟಿಗಳ ತುದಿಯಲ್ಲಿ ಯಾರೋ ಉಳಿಯಿಂದ ಗೀಚಿದಂಥ ಸಣ್ಣ ಗೀಟುಗಳಿದ್ದವು. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು. ಮನೆ ಕೆಡವುವಾಗ ಗಾಯ ಮಾಡಿದ್ದಾರೆ, ಕೈ ಮುರಿದೋರು, ಎಂದು ಬೈದುಕೊಂಡು, ಒರಟು ಕಾಗದ ತೆಗೆದುಕೊಂಡು, ಎಳೆಗೂಸಿನ ಕೆನ್ನೆಯಷ್ಟು ನುಣ್ಣಗಾಗುವವರೆಗೂ ಉಜ್ಜಿ ತೆಗೆದಳು. ಬಾಣಂತಿ ಮಲಗುವ ಮಂಚಕ್ಕೆ ಪಾಲಿಶಿನ ವಾಸನೆ ಬೇಡವೆಂದು ಹರಳೆಣ್ಣೆ ತಿಕ್ಕಿ ಬಿಸಿಲಿಗಿಟ್ಟಳು.

ಶುಕ್ರವಾರ ಜೋಡಿಸಲು ಕುಳಿತಳು. ಒಂದು ಪಟ್ಟಿಯ ತುದಿಯನ್ನು ಒಂದು ಕಾಲಿನ ತೂತಿಗೆ ಹಿಡಿದಳು. ದಪ್ಪವಾಯಿತು. ಇನ್ನೊಂದಕ್ಕೆ ಹಿಡಿದಳು, ಸಡಿಲ. ತಿರುಗಿಸಿದಳು, ಅಡಿಮೇಲು ಮಾಡಿದಳು. ದೂರಕ್ಕೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಹತ್ತಿರ ತಂದರೆ ಒಂದಕ್ಕೊಂದು ಸೇರುತ್ತಿರಲಿಲ್ಲ.

“ಅತ್ತೆ, ಕಟ್ಟಿಟ್ಟಾಗಿನ ಫೋಟೋ ಐತೆ, ನೋಡಾಣ ತಡೀರಿ,” ಎಂದು ರಮ್ಯಾ ಫೋನು ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದಳು. “ಇಲ್ನೋಡ್ರಿ, ಕಾಲಿನ ಮ್ಯಾಲೆ ಗೀಟು ಅವೆ. ಪಟ್ಟಿ ಮ್ಯಾಲೂ ಅವೆ. ಎರಡಿರೋದು ಎರಡಕ್ಕೆ, ಮೂರಿರೋದು ಮೂರಕ್ಕೆ ಇರ್ಬೇಕು. ಆದ್ರೆ ಹಗ್ಗ ಅಡ್ಡ ಬಂದೈತೆ, ಮಿಕ್ಕಿದ್ದು ಕಾಣ್ತಿಲ್ಲ. ಮರದ ಮ್ಯಾಲೇ ನೋಡಾಣ... ಅತ್ತೆ, ಎಲ್ಲಿ ಆ ಗೀಟು?”

ನಿಂಗಕ್ಕ ನೆಲದ ಮೇಲಿನ ಹೊಟ್ಟನ್ನು ನೋಡಿದಳು. ಗೀಟುಗಳು ಅಲ್ಲಿದ್ದವು.

ಹಳೆಯ ಬಡಗಿಗಳು ಅಳತೆಪಟ್ಟಿ ನೋಡಿ ತೂತು ಕೊರೆದವರಲ್ಲ. ಒಂದೊಂದು ತುದಿಗೂ ಅದಕ್ಕೆಂದೇ ಒಂದು ತೂತು ಮಾಡಿ, ಯಾವುದು ಯಾವುದರ ಜೋಡಿ ಎಂದು ಗುರುತು ಹಾಕುತ್ತಿದ್ದರು. ಇದು ಮೂರ್ತಪ್ಪನಿಗೆ ಗೊತ್ತು. ನಿಂಗಕ್ಕನಿಗೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಮೂವತ್ತು ವರ್ಷವೂ ಸಾಮಾನು ಅವಳ ಕೈಗೆ ಬಂದದ್ದು ಜೋಡಿಸಿ ಮುಗಿದ ಮೇಲೆ. ಗುರುತಿನ ಕೆಲಸ ಆಗಲೇ ತೀರಿರುತ್ತಿತ್ತು. ಉಜ್ಜಿದರೆ ಯಾರೂ ಕೇಳುತ್ತಿರಲಿಲ್ಲ.

“ಮಾವನ್ನ ಕೇಳಾಣ?” ರಮ್ಯಾ ಪಿಸುಗುಟ್ಟಿದಳು.

“ಬ್ಯಾಡ. ನೋಡಿದ್ಯಾ, ಎಲ್ಲಾ ಮುಗೀತು ಅಂತಾರೆ. ಆ ಮಾತು ಅವರ ಬಾಯಲ್ಲಿ ಬರಾದು ಬ್ಯಾಡ.” ನಿಂಗಕ್ಕ ಸೆರಗು ಸಿಕ್ಕಿಸಿ, ಗೋಡೆಯ ಮೊಳೆಯಿಂದ ಮೂರ್ತಪ್ಪನ ಕೊಡತಿ ಇಳಿಸಿದಳು. ಮರದ ಸುತ್ತಿಗೆ, ಹಿಡಿಯಲ್ಲಿ ಅವನ ಬೆರಳುಗಳ ತಗ್ಗು ಹಾಗೇ ಇತ್ತು. ಎಂಟು ತುದಿಯನ್ನೂ ಎಂಟು ತೂತಿಗೆ ಹೊಡೆದು ನೋಡಿದರೆ ಯಾವುದಾದರೂ ಕೂರಲೇಬೇಕು, ಎಂದು ಶುರು ಮಾಡಿದಳು.

ಟಕ್.

ಟಕ್, ಟಕ್.

ಗೋಡೆಯ ಆ ಕಡೆ ಕೋಲು ಸರಿದ ಸದ್ದಾಯಿತು. ಮತ್ತೆ ಸುಮ್ಮನಾಯಿತು. ಅವಳು ಬೇರೆ ಕಾಲು ತೆಗೆದುಕೊಂಡು ಇನ್ನೂ ಜೋರಾಗಿ ಹೊಡೆದಳು. ಟಕ್!

“ಲೇ!” ಜಗಲಿಯಿಂದ ಗುಡುಗಿದ ಹಾಗಾಯಿತು. “ಯಾರೇ ಅದು ಮರಕ್ಕೆ ಬಡಿಯೋರು? ಮಂಚ ಕಟ್ತಿದೀಯೋ, ಹುಣಸೆಕಾಯಿ ಬಡೀತಿದೀಯೋ?”

ನಿಂಗಕ್ಕನ ಕೈ ನಿಂತಿತು. ಎಂಟು ತಿಂಗಳಲ್ಲಿ ಆ ದನಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. ರಮ್ಯಾ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಕಟ್ತಿದೀನ್ರಿ!” ನಿಂಗಕ್ಕ ಗೋಡೆಗೆ ಹೇಳಿದಳು.

“ಅದು ಅದರ ಜೋಡಿ ಅಲ್ಲ. ಒಳಗೆ ಪೊಳ್ಳು ಉಳೀತೈತೆ, ಕೇಳ್ಸಲ್ವಾ? ಬೇರೆ ಹಿಡಿ.”

ಅವಳು ಬೇರೆ ಹಿಡಿದು ಹೊಡೆದಳು.

“ಅಲ್ಲ. ಮುಂದಿಂದು.”

ಮತ್ತೆ ಹೊಡೆದಳು. ಈ ಸಲ ಟಕ್ ಎನ್ನಲಿಲ್ಲ. ತುಂಬಿದ ಚೀಲ ನೆಲಕ್ಕೆ ಇಳಿಸಿದ ಹಾಗೆ, ದಬ್ ಎಂದಿತು.

“ಹಾಂ!” ಎಂದ ಗೋಡೆಯಾಚೆಯ ಮೂರ್ತಪ್ಪ. “ಅದು ಅದರದು. ಬಿಡು ಅದನ್ನ, ಮುಂದಕ್ಕೆ ಹೋಗು.”

ಹೀಗೆ ಜಗಲಿಯಲ್ಲಿ ಕುಳಿತೇ ಕಿವಿಯಿಂದ ನಾಲ್ಕು ಜೋಡಿ ಹಿಡಿದುಕೊಟ್ಟ. ದಾರಿಯಲ್ಲಿ ಹೋಗುತ್ತಿದ್ದ ಬೋರಕ್ಕ ನಿಂತು, ಗೋಡೆಗೆ ಬೈಯುತ್ತಿದ್ದ ಮೂರ್ತಪ್ಪನನ್ನು ನೋಡಿ, ಇವನಿಗೆ ತಲೆಗೂ ಏರಿತೇನೋ ಎಂದು ಮರುಗಿ ಮುಂದೆ ಹೋದಳಂತೆ. ಉಳಿದ ನಾಲ್ಕು ಮಾತ್ರ ಸತಾಯಿಸಿದವು. ಹೇಗೆ ಹೊಡೆದರೂ ಅರ್ಧ ದಬ್, ಅರ್ಧ ಟಕ್.

“ಗೀಟು ನೋಡೇ ನಿಂಗಿ, ಗೀಟು! ಬಡಗಿ ಯಾತಕ್ಕೆ ಹಾಕಿರ್ತಾನೆ?”

ನಿಂಗಕ್ಕ ನುಣ್ಣಗಾದ ಮರವನ್ನು ಸೆರಗಿನಿಂದ ಒರೆಸಿದಳು.

“ಏನೇ? ಗೀಟು ಎಷ್ಟವೆ ಹೇಳು.”

“ಇಲ್ರಿ.”

“ಇಲ್ಲ ಅಂದ್ರೆ?”

“ಉಜ್ಜಿಬಿಟ್ಟೆ.”

ಗೋಡೆಯಾಚೆ ಕೋಲು ನೆಲಕ್ಕೆ ಊರಿದ ಸದ್ದಾಯಿತು. ಜಗಲಿಯ ಮೆಟ್ಟಿಲು ಇಳಿಯಿತು. ಒಂದೊಂದೇ ಹೆಜ್ಜೆ ಅಂಗಳ ದಾಟಿತು. ಶೆಡ್ಡಿನ ಬಾಗಿಲಲ್ಲಿ ಮೂರ್ತಪ್ಪ ನಿಂತ, ಬಿಸಿಲು ಹಿಂದಕ್ಕೆ ಹಾಕಿಕೊಂಡು. ಒಳಗಿನ ವಾಸನೆ ಮೂಗಿಗೆ ಬಡಿದಿರಬೇಕು, ಒಂದು ಗಳಿಗೆ ಹಾಗೇ ನಿಂತಿದ್ದ.

“ಎಲ್ಲಾನೂ ಉಜ್ಜಿದ್ಯಾ?”

“ಎಲ್ಲಾನೂ.”

“ಒಂದಾದ್ರೂ ಬಿಡಬಾರ್ದಿತ್ತಾ?”

“ಒಂದು ಬಿಟ್ರೆ ಅಂದ ಕೆಡಲ್ವೇನ್ರಿ?”

ಮೂರ್ತಪ್ಪ ನಗಲಿಲ್ಲ. ನಗದೇ ಇರುವುದಕ್ಕೆ ಬಹಳ ಕಷ್ಟಪಟ್ಟ. ಇನ್ನೂ ಮಾರದೆ ಉಳಿದಿದ್ದ ಹೊಳಲ್ಕೆರೆ ಬೆಂಚಿನ ಮೇಲೆ ಕುಳಿತು, “ತಾ ಇಲ್ಲಿ” ಎಂದ. ರಮ್ಯಾ ಕಾಲೊಂದನ್ನು ಎತ್ತಿ ಅವನ ತೊಡೆಯ ಮೇಲೆ ಇಟ್ಟಳು. ಅದು ಉರುಳಲು ನೋಡಿದಾಗ, ಅವನು ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ಯಾರದೋ ಸಾಮಾನು ಇಟ್ಟ ಹಾಗೆ ಅದರ ಮೇಲಿಟ್ಟ. “ಕೆಲ್ಸಕ್ಕೆ ಬರ್ದಿದ್ರೆ ಒಜ್ಜೆಗಾದ್ರೂ ಬರ್ಲಿ ಮುಂಡೇದು.”

ಎಡಗೈಯ ತೋರುಬೆರಳನ್ನು ತೂತಿನ ಒಳಗೆ ಬಿಟ್ಟು ನಿಧಾನವಾಗಿ ತಿರುಗಿಸಿದ. “ಹೊರಗೆ ಉಜ್ಜೀಯ. ಒಳಗೆ ನಿನ್ನ ಕಾಗದ ಹೋಗಿಲ್ಲ. ಇಲ್ಲಿ ಉಳಿ ಜಾರಿ ಒಂದು ತಗ್ಗು ಬಿದ್ದೈತೆ. ಇದಕ್ಕೆ ಸರಿಯಾಗಿ ತುದೀಲಿ ಒಂದು ಉಬ್ಬು ಇರ್ಬೇಕು. ನೋಡು ಯಾವುದರಾಗೈತೆ.”

ನಿಂಗಕ್ಕ ಮೂರನೆಯ ಪಟ್ಟಿಯಲ್ಲಿ ಉಬ್ಬು ಹುಡುಕಿದಳು. ಅವನು ಹಿಡಿದ, ಅವಳು ಹೊಡೆದಳು. ದಬ್.

ಸಂಜೆಯ ಹೊತ್ತಿಗೆ ಮಂಚ ನಾಲ್ಕು ಕಾಲಿನ ಮೇಲೆ ನಿಂತಿತು. ಕೊನೆಗೆ ಮೂರ್ತಪ್ಪ ಉಳಿ ಕೇಳಿದ. ಎಡಗೈಯಲ್ಲಿ ಹಿಡಿದು, ನಿಂಗಕ್ಕನಿಂದ ಕೊಡತಿ ಹೊಡೆಸಿ, ಒಂದೊಂದು ಸಂದಿಯ ಮೇಲೂ ಹೊಸ ಗೀಟು ಹಾಕಿದ. ಮೊದಲನೆಯವು ಇರುವೆ ಹರಿದ ಹಾಗೆ ಸೊಟ್ಟಗಾದವು. ಕೊನೆಯವು ಅಷ್ಟು ಸೊಟ್ಟಗಿರಲಿಲ್ಲ.

“ಇದಕ್ಕೇನಾದ್ರೂ ಕಾಗದ ಮುಟ್ಸಿದ್ಯೋ, ನೋಡು ಮತ್ತೆ.”

ಶನಿವಾರ ಅತ್ತೆ ಸೊಸೆ ಸೇರಿ ನವಾರು ಹೆಣೆದರು. ಹೆಣೆದ ಮೇಲೆ ಯಾರಾದರೂ ಮಲಗಿ ಪರೀಕ್ಷೆ ಮಾಡಬೇಕಲ್ಲ. ಮೂರ್ತಪ್ಪ ಕೂರಲು ಹೋದಾಗ ನಿಂಗಕ್ಕ ಅಡ್ಡ ಬಂದಳು. “ಬಾಣಂತಿ ಮಂಚದ ಮ್ಯಾಲೆ ಗಂಡಸ್ರು ಕೂರ್ತಾರೇನ್ರಿ? ಏಳ್ರಿ.”

“ಹಂಗಾದ್ರೆ ನೀನೇ ಮಲಿಕ್ಕ. ಮಾರುತೇಶನ್ನ ಹೆತ್ತಾಗ ಚಾಪೆ ಮ್ಯಾಲೇ ಕಳೆದೆ ನಲವತ್ತು ದಿನ. ಬಡಗಿ ಮನೇಲಿ ಮಂಚ ಇರ್ಲಿಲ್ಲ.”

ಅದು ಅವನಿಗೆ ನೆನಪಿದೆಯೆಂದು ನಿಂಗಕ್ಕನಿಗೆ ಗೊತ್ತಿರಲಿಲ್ಲ. ಅವಳು ನಾಚಿಕೆಯಿಂದ ಮಂಚದ ಮೇಲೆ ಕಾಲು ಚಾಚಿ ಮಲಗಿ ತಗಡನ್ನು ನೋಡಿದಳು. ಮಗ್ಗುಲು ಬದಲಿಸಿದಳು.

“ಕಿರ್ ಅಂತೈತಾ?”

“ಇಲ್ಲ.”

“ಸರಿಯಾಗಿ ಹೊರಳು.”

“ಇಲ್ಲ ಅಂದ್ನಲ್ರಿ,” ಎಂದಳು. ಆದರೆ ಬೇಗ ಏಳಲಿಲ್ಲ.

ಭಾನುವಾರ ಟೀಚರು ಬಂದರು. ಮಂಚ ಬರಿದಾಗಿ ಹೋಗಬಾರದೆಂದು ನಿಂಗಕ್ಕ ನವಾರಿನ ನಡುವೆ ಒಂದು ಸೇರು ಅಕ್ಕಿ, ಒಂದು ತುಂಡು ಬೆಲ್ಲ ಇಟ್ಟು ಕಳಿಸಿದಳು. ಮಗ ಮಾರುತೇಶ ಲಗೇಜ್ ಆಟೋದಲ್ಲಿ ಹಿರಿಯೂರಿಗೆ ಹೊರಟಾಗ ಮೂರ್ತಪ್ಪ ರಸ್ತೆಯವರೆಗೂ ಬಂದು ಕೂಗಿದ, “ಬಿಚ್ಚಾದಾದ್ರೆ ಗೀಟು ನೋಡಿ ಬಿಚ್ರಿ!”

ಸೋಮವಾರ ಬೆಳಿಗ್ಗೆ ಹೊಸದುರ್ಗದ ವಿನೋದ ಬಂದ. ಹೊರಗೆ ಗೂಡ್ಸ್ ಗಾಡಿ ನಿಲ್ಲಿಸಿ, ಹಿರಿಯೂರಿನ ಕೈಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು, “ಹತ್ಯಾರ ತುಂಬ್ಕಳಾಣ, ಮೂರ್ತಪ್ಪಣ್ಣ?” ಎಂದ.

ಮೂರ್ತಪ್ಪ ಗೋಡೆಯ ಕಡೆ ನೋಡಿದ. ನಿಂಗಕ್ಕ ಒಲೆಯ ಮುಂದೆ ಕುಳಿತಿದ್ದವಳು ಊದುಗೊಳವೆಯನ್ನು ಬಾಯಿಂದ ತೆಗೆದಳು.

“ಎರಡು ಕೈ ಬೇಕಾಗಾದು ತಗಂಡು ಹೋಗಪ್ಪ ವಿನೋದ. ದೊಡ್ಡ ಗರಗಸ, ಮರ ಹೆರೆಯಾ ತೋಪಡ. ಉಳಿ, ಕೊಡತಿ ಕೊಡಲ್ಲ.”

“ತೋಪಡ ಯಾಕೆ ಕೊಡ್ತೀರಿ?” ನಿಂಗಕ್ಕ ಅಡುಗೆಮನೆಯಿಂದಲೇ ಕೂಗಿದಳು. “ನೀವು ಮುಂದೆ ಹಿಡೀರಿ, ನಾನು ಹಿಂದಿಂದ ತಳ್ತೀನಿ. ಗರಗಸಕ್ಕೂ ಎರಡು ಕೈ ಸಾಕಲ್ಲಾ. ನಿಮ್ದೊಂದು, ನನ್ದೊಂದು.”

ವಿನೋದ ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಮೂರ್ತಪ್ಪನ ಕಡೆ ನೋಡಿದ. “ಅಣ್ಣ, ನಲವತ್ತು ಮೈಲಿಯಿಂದ ಗಾಡಿ ತಂದೀನಿ. ಖಾಲಿ ಹೋಗ್ಲಾ?”

“ಖಾಲಿ ಯಾಕೆ ಹೋಗ್ತೀಯ?” ಎಂದ ಮೂರ್ತಪ್ಪ. “ಕುಂತಿದೀಯಲ್ಲಾ, ಆ ಕುರ್ಚಿ ಹೆಂಗೈತೆ?”

ವಿನೋದ ಕುರ್ಚಿಯ ಕೈಯನ್ನು ಸವರಿ ನೋಡಿದ. ನಿಂಗಕ್ಕ ಉಜ್ಜಿದ್ದು, ನುಣ್ಣಗಿತ್ತು. ಅರ್ಧ ಗಂಟೆಯಲ್ಲಿ ಕುರ್ಚಿ ಗಾಡಿ ಹತ್ತಿತು.

ಗಾಡಿ ತಿರುವು ದಾಟಿದ ಮೇಲೆ ನಿಂಗಕ್ಕ ಜಗಲಿಯಲ್ಲಿ ಕುರ್ಚಿ ಇದ್ದ ಜಾಗ ಗುಡಿಸಿದಳು. “ನಾಳೆ ಯಾರಾದ್ರೂ ಬಂದ್ರೆ ಎಲ್ಲಿ ಕೂರಿಸಾದ್ರಿ?”

ಮೂರ್ತಪ್ಪ ಆಗಲೇ ಕೋಲು ಹಿಡಿದು ಅಂಗಳಕ್ಕೆ ಇಳಿದಿದ್ದ. “ಹೊಳಲ್ಕೆರೆ ಬೆಂಚಿನ ಹಿಂದ್ಗಡೆ ಕಾಲು ಅಲ್ಲಾಡ್ತೈತೆ. ಬಾ, ಬಿಗಿ ಮಾಡಾಣ. ಉಪ್ಪುಕಾಗದ ಮಾತ್ರ ಅಲ್ಲೇ ಬಿಟ್ಟು ಬಾ.”