ಫ್ರಿಜ್ ಮುಂದಿನ ಚಪ್ಪಲಿ

ಕಂಪ್ಲಿಯ ಜಡೆಪ್ಪನ ಮನೆಯೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬೀಗರು ಬರಲಿ, ದೊಡ್ಡ ಸಾಹೇಬರೇ ಬರಲಿ, ಹೊಸ್ತಿಲಾಚೆ ಬಿಟ್ಟೇ ಒಳಗೆ ಬರಬೇಕು. ಅಷ್ಟು ಮಡಿಯ ಮನೆ. ಆದರೆ ಅದೇ ಮನೆಯ ಅಡುಗೆಕೋಣೆಯಲ್ಲಿ, ಫ್ರಿಜ್ ಮುಂದೆ, ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಸದಾ ಕಾಲ ಬಿದ್ದಿರುತ್ತಿತ್ತು.

ಯಾಕಪ್ಪಾ ಅಂದರೆ, ಬರಿಗಾಲಲ್ಲಿ ಫ್ರಿಜ್ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತು. ನೆಲ ಒರೆಸಿದ ದಿನ, ಮಳೆ ಹಿಡಿದ ದಿನ ಇನ್ನೂ ಜೋರು. ಹಾಗಾಗಿ ಮೊಸರು ಬೇಕೇ, ಚಪ್ಪಲಿ ಮೆಟ್ಟಬೇಕು. ಕೊತ್ತಂಬರಿ ಬೇಕೇ, ಚಪ್ಪಲಿ ಮೆಟ್ಟಬೇಕು. ಜಡೆಪ್ಪನ ಹೆಂಡತಿ ಕೊಟ್ರಮ್ಮನಿಗೆ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಕಣ್ಣು ಮುಚ್ಚಿಕೊಂಡು ನಡೆದರೂ ಕಾಲು ತಾನಾಗಿ ಆ ಚಪ್ಪಲಿಯೊಳಗೆ ಹೋಗುತ್ತಿತ್ತು.

"ಸಣ್ಣ ಕರೆಂಟು, ಏನಾಗಂಗಿಲ್ಲ ಬಿಡು" ಎನ್ನುವುದು ಜಡೆಪ್ಪನ ಮಾತು. ಮಗಳು ಸುನಿತಾ ಶಾಲೆಗೆ ಹೋಗುವಾಗ ಬಂದ ಫ್ರಿಜ್ ಅದು. ಈಗ ಅವಳಿಗೇ ಒಂಬತ್ತು ತಿಂಗಳ ಹೆಣ್ಣುಕೂಸು. ಚಪ್ಪಲಿ ಮೂರು ಸಲ ಸವೆದು ಹೊಸದು ಬಂದಿತ್ತು, ಆದರೆ ಜುಂ ಎನ್ನುವುದು ಮಾತ್ರ ಹೋಗಿರಲಿಲ್ಲ.

ಜಡೆಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಅಕ್ಕಿ ಅಂಗಡಿ. ಈ ವರ್ಷ ವ್ಯಾಪಾರ ಕೈ ಹಿಡಿದಿತ್ತು. ಮೊಮ್ಮಗಳ ಜವಳ ತನ್ನ ಮನೆಯಲ್ಲೇ ಆಗಬೇಕು, ಸಂಡೂರಿನ ಬೀಗರು ಬಂದಾಗ ಮನೆ ಕಣ್ಣಿಗೆ ಕುಕ್ಕುವಂತಿರಬೇಕು ಎಂದು ಅವನ ಆಸೆ. ಅಪ್ಪ ಕಟ್ಟಿಸಿದ ಮನೆ, ಕಲ್ಲಿನ ಗೋಡೆ, ತೇಗದ ಜಂತಿ. ಅದಕ್ಕೆಲ್ಲ ಹೊಸ ಕಳೆ ತರಬೇಕೆಂದು ಹೊರಟ. ಪಡಸಾಲೆಗೆ ಫಾಲ್ಸ್ ಸೀಲಿಂಗ್, ಅದರೊಳಗೆ ಬಣ್ಣ ಬದಲಿಸುವ ಲೈಟು. ಒಂದು ಎಸಿ. ಗೋಡೆಯಗಲದ ಟಿವಿ. ಬಚ್ಚಲಿಗೆ ಗೀಸರ್. ಬಾಯಿಂದ ಹೇಳಿದರೆ ಹತ್ತುವ ಬಲ್ಬು ಕೂಡ ಬೇಕಂತೆ!

ಸಂಜೆ ಕಟ್ಟೆಯ ಮೇಲೆ ಮಿರ್ಚಿ ಮೆಲ್ಲುತ್ತಾ ಇದನ್ನೆಲ್ಲ ಗೆಳೆಯ ಹುಸೇನಪ್ಪನಿಗೆ ವರ್ಣಿಸಿದ. ಹುಸೇನಪ್ಪ ಮತ್ತು ಅವನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹುಸೇನಪ್ಪ ಲೈನ್‌ಮನ್ ಆಗಿ ಸೇರಿ ಈಚೆಗೆ ರಿಟೈರ್ ಆಗಿದ್ದ.

"ಎಲ್ಲಾ ಮಸ್ತ್ ಐತಿ," ಎಂದ ಹುಸೇನಪ್ಪ. "ಒಳಗಿನ ವೈರು ಯಾವ ಕಾಲದ್ದಲೇ?"

"ನಮ್ಮಪ್ಪ ಹಾಕಿಸಿದ್ದು. ಇವತ್ತಿಗೂ ಗಟ್ಟಿಮುಟ್ಟ ಐತಿ."

"ನಿಮ್ಮಪ್ಪನ ಕಾಲ್ದಾಗ ಮನ್ಯಾಗ ಏನಿತ್ತಲೇ? ನಾಲ್ಕು ಬಲ್ಬು, ಒಂದು ರೇಡಿಯೋ. ಅದರ ಮ್ಯಾಲ ಎಸಿ, ಗೀಸರ್ ಎಲ್ಲಾ ಹೇರಾಕ ಹತ್ತಿ. ಅರ್ಥಿಂಗ್ ಐತೇನು?"

"ರಿಟೈರ್ ಆದ್ರೂ ನೀ ಕಂಬ ಇಳಿದಿಲ್ಲ ನೋಡು!" ಎಂದು ಜಡೆಪ್ಪ ನಕ್ಕ. "ಗೋಡ್ಯಾಗ ಹುಗಿಯೋ ವೈರಿಗೆ ರೊಕ್ಕ ಹಾಕಿದ್ರ ಯಾರು ನೋಡ್ತಾರ? ಸೀಲಿಂಗ್ ಹಾಕಿಸಿದ್ರ ಬಂದವ್ರು ಕತ್ತೆತ್ತಿ ನೋಡ್ತಾರ."

ಹುಸೇನಪ್ಪ ಇನ್ನೊಂದು ಮಿರ್ಚಿ ಕೈಗೆತ್ತಿಕೊಂಡ. ಅವನು ಕಟ್ಟೆ ದಾಟಿ ಒಳಗೆ ಹೋದವನಲ್ಲ, ಫ್ರಿಜ್ ಮುಂದಿನ ಚಪ್ಪಲಿ ಅವನ ಕಣ್ಣಿಗೆ ಬಿದ್ದಿರಲೂ ಇಲ್ಲ.

ಮುಂದಿನ ಭಾನುವಾರ ಸುನಿತಾ, ಅಳಿಯ ಮುರುಗೇಶ್ ಕೂಸನ್ನು ಕರೆದುಕೊಂಡು ಬಂದರು. ಕೂಸಿಗೆ ಹೇಮಾ ಎಂದು ಹೆಸರಿಟ್ಟಿದ್ದರೂ ಎಲ್ಲರ ಬಾಯಲ್ಲೂ ಪಾಪುವೇ. ಪಾಪು ಆಗಷ್ಟೇ ಅಂಬೆಗಾಲು ಕಲಿತಿತ್ತು. ತಾನು ಅಂಬೆಗಾಲಿಟ್ಟ ಅದೇ ಕಡಪದ ಕಲ್ಲಿನ ಮೇಲೆ ಮೊಮ್ಮಗಳು ದಬದಬ ಎಂದು ಹೋಗುವುದನ್ನು ಕಂಡು ಜಡೆಪ್ಪನಿಗೆ ಏನು ಖುಷಿ! ಪಕ್ಕದ ಮನೆಯ ಸುವರ್ಣಮ್ಮನೂ ಕೂಸನ್ನು ನೋಡಲು ಬಂದಳು. ದೊಡ್ಡವರು ಮಾತಿಗೆ ಕೂತರು.

ಪಾಪು ಅಡುಗೆಕೋಣೆಗೆ ನುಗ್ಗಿತು. ನೆಲ ಆಗತಾನೆ ಒರೆಸಿದ್ದು, ಹಸಿಯಾಗೇ ಇತ್ತು. ಬೆಳ್ಳಗೆ ಹೊಳೆಯುವ ಫ್ರಿಜ್ ಕಂಡು ಕೂಸು ಕೇಕೆ ಹಾಕಿ ಎರಡೂ ಕೈ ಚಾಚಿತು. ಒಲೆಯ ಮುಂದಿದ್ದ ಕೊಟ್ರಮ್ಮ ತಿರುಗಿ ನೋಡಿ ಕೂಗಿಕೊಂಡಳು:

"ಏಯ್! ಚಪ್ಪಲಿ! ಚಪ್ಪಲಿ ಹಾಕ್ಕೋ!"

ಜಡೆಪ್ಪ ಪಡಸಾಲೆಯಿಂದ ಹಾರಿ ಬಂದು ಕೂಸನ್ನು ಎಳೆದುಕೊಂಡ. ಕೂಸಿನ ಬೆರಳಿಗೂ ಫ್ರಿಜ್‌ಗೂ ಒಂದು ಗೇಣೂ ಇರಲಿಲ್ಲ.

ಸುನಿತಾ ಬಾಗಿಲಲ್ಲಿ ನಿಂತು ಒಮ್ಮೆ ಚಪ್ಪಲಿ ನೋಡಿದಳು, ಒಮ್ಮೆ ತಾಯಿಯ ಮುಖ ನೋಡಿದಳು.

"ಯಾರಿಗೆ ಹೇಳಾಕ ಹತ್ತೀಯವ್ವಾ? ಒಂಬತ್ತು ತಿಂಗಳ ಕೂಸಿಗೆ ಚಪ್ಪಲಿ ಹಾಕ್ಕೋ ಅಂತಿಯೇನು?"

ಸುವರ್ಣಮ್ಮ ಸಮಾಧಾನ ಮಾಡಲು ಬಂದಳು. "ಅಯ್ಯ, ಅದ್ಕೇನಾತು ಬಿಡವ್ವಾ. ನಮ್ಮನ್ಯಾಗೂ ವಾಷಿಂಗ್ ಮಷಿನ್ ಹಿಂಗ ಹೊಡಿತೈತಿ. ಮುಂದ ಗೋಣಿಚೀಲ ಹಾಸೀವಿ. ನೀವೂ ಫ್ರಿಜ್ ಸುತ್ತ ಗೋಣಿಚೀಲ ಹಾಸ್ರಿ, ಮುಗೀತು."

"ಚಿಗವ್ವಾ, ಈಕಿ ಆ ಗೋಣಿಚೀಲದ ಮ್ಯಾಲೇ ಕುಂತು ಉಚ್ಚಿ ಹೊಯ್ತಾಳ. ಆಮ್ಯಾಲೆ ಏನು ಹಾಸ್ತಿ?" ಎಂದಳು ಸುನಿತಾ.

ಸುವರ್ಣಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ಬಂದಿತ್ತೋ ಭಯವೋ, ಅವಳಿಗೇ ಗೊತ್ತಿಲ್ಲ.

ಸುನಿತಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಸಿಟ್ಟಾಗಬ್ಯಾಡ. ಜವಳ ಸಂಡೂರಾಗ ಮಾಡ್ತೀವಿ. ಇದು ಸರಿ ಆಗೋತನಕ ಪಾಪೂನ್ನ ಈ ಮನ್ಯಾಗ ಕೆಳಗ ಬಿಡಂಗಿಲ್ಲ."

ಜಡೆಪ್ಪ ಇಡೀ ಮಧ್ಯಾಹ್ನ ಕೂಸನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತ. ಅದು ಕೆಳಗಿಳಿಯಲು ಒದ್ದಾಡಿತು, ಅತ್ತಿತು, ಅವನ ಮೀಸೆ ಹಿಡಿದು ಎಳೆಯಿತು. ಬಿಡುವಂತಿಲ್ಲ. ತನ್ನ ಮನೆಯ ನೆಲದ ಮೇಲೆ ತನ್ನ ಮೊಮ್ಮಗಳನ್ನು ಬಿಡುವಂತಿಲ್ಲ ಎಂದರೆ ಇದೆಂಥ ಮನೆ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಅವರ ಬಸ್ಸು ಹೊರಟಿದ್ದೇ ತಡ, ಜಡೆಪ್ಪ ನೇರ ಹುಸೇನಪ್ಪನ ಮನೆಗೆ ಹೋದ. ಹುಸೇನಪ್ಪ ಟೆಸ್ಟರ್ ಜೇಬಿಗೆ ಹಾಕಿಕೊಂಡು, ಮೊದಲ ಸಲ ಕಟ್ಟೆ ದಾಟಿ ಒಳಗೆ ಬಂದ. ಟೆಸ್ಟರ್ ಫ್ರಿಜ್ ಬಾಗಿಲಿಗೆ ತಾಗಿಸಿದರೆ ಟೆಸ್ಟರಿನೊಳಗಿನ ಪುಟ್ಟ ದೀಪ ಹತ್ತಿಕೊಂಡಿತು. ಅವನು ಮೇನ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿದ. ಎರಡು ಪಿನ್ನಿನದು.

"ಫ್ರಿಜ್ ಬಂದಾಗ ಮೂರು ಪಿನ್ ಇತ್ತಲ್ಲ, ಮೂರನೇದು ಎಲ್ಲಿ ಹೋತು?"

"ನಮ್ಮ ಗೋಡ್ಯಾಗ ಇರೋದು ಎರಡು ತೂತಿನ ಸಾಕೆಟ್ಟು. ಹಿಡಿಸಲಿಲ್ಲ. ನಾನೇ ಪ್ಲಗ್ ಬದಲ್ಸಿದೆ."

ಹುಸೇನಪ್ಪ ಹಣೆ ಚಚ್ಚಿಕೊಂಡ. "ಲೇ ಪುಣ್ಯಾತ್ಮ! ಆ ಮೂರನೇ ಪಿನ್ನೇ ಅರ್ಥ್. ಮಷಿನ್ ಒಳಗ ಕರೆಂಟ್ ಸೋರಿದ್ರ ಮಣ್ಣಿಗೆ ಹೋಗೋ ದಾರಿ ಅದು. ನೀ ಆ ದಾರಿ ಮುಚ್ಚಿದಿ. ಈಗ ಯಾರು ಮುಟ್ಟಿದ್ರ ಅವರ ಮೈಯಾಗ ಹಾದು ಮಣ್ಣಿಗೆ ಹೋಗತೈತಿ. ಇವತ್ತು ಜುಂ ಅಂತೈತಿ. ಸೋರಿಕೆ ಹೆಚ್ಚಾಗಿ, ನೆಲ ಹಸಿ ಇದ್ದ ದಿನ ಜೀವಾನೇ ತಗೊಂತೈತಿ."

"ಹಂಗಾದ್ರ ನಳದ ಪೈಪಿಗೆ ಒಂದು ತಂತಿ ಕಟ್ಟಿ ಬಿಡೋಣು. ಮೊನ್ನೆ ಯಾರೋ ಹೇಳಿದ್ರು."

"ಕಟ್ಟು, ಕಟ್ಟು! ಪೈಪ್ ಪ್ಲಾಸ್ಟಿಕ್ ಇದ್ರ ಏನೂ ಉಪಯೋಗ ಇಲ್ಲ. ಕಬ್ಬಿಣದ್ದಿದ್ರ, ಫ್ರಿಜ್ ಬಿಟ್ಟ ಕರೆಂಟು ಬಚ್ಚಲ ನಳಕ್ಕ ಬರತೈತಿ. ಸೋಪು ಹಚ್ಕೊಂಡ್ ನಿಂತಾವನಿಗೆ ಹೊಡಿತೈತಿ."

ಜಡೆಪ್ಪ ಕಿತ್ತ ಪ್ಲಗ್ಗನ್ನು ಕೈಯಲ್ಲಿ ತಿರುಗಿಸಿ ನೋಡಿದ. ಹುಸೇನಪ್ಪನ ದನಿ ಮೆತ್ತಗಾಯಿತು. "ಕೇಳು. ಗೋಡೆ ಒಡೆಯೋದು ಇದ್ದೇ ಐತಿ. ಬಣ್ಣಕ್ಕಿಂತ, ಸೀಲಿಂಗಿಗಿಂತ ಮೊದ್ಲು ಮೂರು ಕೆಲಸ ಮಾಡು. ಹಳೇ ವೈರ್ ಕಿತ್ತು ಐಎಸ್‌ಐ ಗುರ್ತಿನ ಹೊಸಾ ತಾಮ್ರದ ವೈರ್ ಎಳಿಸು, ಎಸಿಗೊಂದು ಗೀಸರಿಗೊಂದು ಬ್ಯಾರೆ ಲೈನ್ ಇರ್ಲಿ. ಹಿತ್ತಲಾಗ ಗುಂಡಿ ತೋಡಿ ಅರ್ಥಿಂಗ್ ಹಾಕ್ಸು. ಮೀಟರಿನ ಹತ್ರ ಆರ್‌ಸಿಸಿಬಿ ಕೂಡ್ಸು."

"ಅದೇನದು? ನಮ್ಮಲ್ಲಿ ಎಂಸಿಬಿ ಐತಲ್ಲ?"

"ಎಂಸಿಬಿ ವೈರ್ ಸುಡದಂಗ ಕಾಯ್ತೈತಿ. ಮನುಷ್ಯಾರನ್ನ ಕಾಯೋದು ಆರ್‌ಸಿಸಿಬಿ. ಕರೆಂಟ್ ಸ್ವಲ್ಪ ಹಾದಿ ತಪ್ಪಿ ಮೈಗೆ ಹರಿದ್ರೂ ಸಾಕು, ಕಣ್ಣು ಮುಚ್ಚಿ ತೆಗೆಯೋದ್ರಾಗ ಲೈನ್ ಕಡಿತೈತಿ. ಮನಿಗೆ ಮೂವತ್ತು ಮಿಲಿ ಆಂಪಿಯರಿಂದು ಕೇಳಿ ತಗೋ."

"ಎಲ್ಲಾ ನೀನೇ ಮಾಡಿ ಕೊಡು ಮತ್ತ."

"ನಾ ಕಂಬದ ಮನುಷ್ಯ. ಮನಿ ವೈರಿಂಗಿಗೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಬೇಕು. ಹೊಸಪೇಟೆಯಿಂದ ಯಲ್ಲೇಶನ್ನ ಕರಸ್ತೀನಿ. ಎಸಿ ಹಾಕ್ಸೋದಾದ್ರ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚು ಮಾಡಿಸ್ಕೋ, ಮರೀಬ್ಯಾಡ."

ಜಡೆಪ್ಪ ಅಂದು ರಾತ್ರಿಯೇ ಸೀಲಿಂಗಿನವನಿಗೆ ಫೋನ್ ಮಾಡಿ, ಈ ವರ್ಷ ಬೇಡ ಎಂದುಬಿಟ್ಟ. ದೊಡ್ಡ ಟಿವಿ, ಮಾತು ಕೇಳುವ ಬಲ್ಬು ಎರಡೂ ಬಿಟ್ಟ. ಎಸಿ ಉಳಿಸಿಕೊಂಡ, ಗೀಸರ್ ಉಳಿಸಿಕೊಂಡ. ಕಂಪ್ಲಿಯ ಬೇಸಿಗೆ ಕಂಡವರು ಯಾರೂ ಎಸಿಯನ್ನು ಶೋಕಿ ಎನ್ನಲಾರರು ಬಿಡಿ.

ಯಲ್ಲೇಶ್ ಬಂದು ಹಳೆಯ ಮರದ ಪಟ್ಟಿ ಕಿತ್ತಾಗ ಒಳಗಿನ ವೈರಿನ ಹೊದಿಕೆ ಹಪ್ಪಳದಂತೆ ಮುರಿದು ಉದುರಿತು. "ಗಟ್ಟಿಮುಟ್ಟ ಐತಿ ಅಂದಿದ್ರಿ?" ಎಂದಳು ಕೊಟ್ರಮ್ಮ. ಜಡೆಪ್ಪ ಕೇಳಿಸದವನಂತೆ ಹಿತ್ತಲಿಗೆ ನಡೆದ. ಅಲ್ಲಿ ಕರಿಬೇವಿನ ಗಿಡದ ಹತ್ತಿರ, ತೇವ ಆರದ ಜಾಗದಲ್ಲಿ, ಅರ್ಥಿಂಗ್ ಗುಂಡಿ ತಯಾರಾಗಿತ್ತು.

ಎಲ್ಲ ಮುಗಿದ ದಿನ ಯಲ್ಲೇಶ್ ಹಳೆಯ ಫ್ರಿಜ್‌ಗೆ ಮೂರು ಪಿನ್ನಿನ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಟಕ್! ಇಡೀ ಮನೆಯ ಕರೆಂಟ್ ಹೋಯಿತು. ಮತ್ತೆ ಹಾಕಿದ. ಮತ್ತೆ ಟಕ್!

"ಆತಲ್ಲ, ಹೊಸಾ ಡಬ್ಬಿ ಕೆಟ್ಟೈತಿ!" ಎಂದು ಜಡೆಪ್ಪ ಮೀಟರಿನ ಹತ್ತಿರ ಕೂಡಿಸಿದ್ದ ಆರ್‌ಸಿಸಿಬಿಯ ಕಡೆ ಕೈ ತೋರಿಸಿ ರೇಗಿದ.

ಕೆಲಸ ನೋಡಲು ಬಂದಿದ್ದ ಹುಸೇನಪ್ಪ ಗಹಗಹಿಸಿ ನಕ್ಕ. "ಡಬ್ಬಿ ಕೆಟ್ಟಿಲ್ಲೋ. ಇಷ್ಟು ವರ್ಷ ನೀವು ಚಪ್ಪಲಿ ಮೆಟ್ಟಿ ಮುಚ್ಚಿಟ್ಟಿದ್ದನ್ನ ಅದು ಬಂದ ದಿನಾನೇ ಹಿಡೀತು."

ಮೆಕ್ಯಾನಿಕ್ ಬಂದು ಬಿಚ್ಚಿದಾಗ ಹಿಂಬದಿಯ ಒಂದು ವೈರಿನ ಹೊದಿಕೆ ಬಿರುಕು ಬಿಟ್ಟು, ಅಲ್ಲಿಂದ ಫ್ರಿಜ್ಜಿನ ತಗಡಿಗೆ ಕರೆಂಟ್ ಸೋರುತ್ತಿತ್ತು. ಅಷ್ಟೇ! ಅದನ್ನು ಬದಲಿಸಿದ ಮೇಲೆ ಡಬ್ಬಿ ತುಟಿಪಿಟಕ್ ಎನ್ನಲಿಲ್ಲ. ಯಲ್ಲೇಶ್ ಟೆಸ್ಟರ್ ಹಿಡಿದು ನೋಡಿದ, ದೀಪ ಹತ್ತಲಿಲ್ಲ. ಆಮೇಲೆ ಜಡೆಪ್ಪ ಬರಿಗಾಲಲ್ಲಿ ನಿಂತು ಅಂಗೈ ಅಗಲಿಸಿ ಫ್ರಿಜ್ ಮೇಲಿಟ್ಟ. ತಣ್ಣಗಿತ್ತು. ಸುಮ್ಮನಿತ್ತು. ಮರುಗಳಿಗೆಯೇ ಸುನಿತಾಗೆ ಫೋನ್ ಮಾಡಿದ. "ತಾಯೀ, ಪಾಪೂನ್ನ ಕರ್ಕೊಂಡ್ ಬಾ."

ಜವಳ ಕಂಪ್ಲಿಯಲ್ಲೇ ಆಯಿತು. ಬೀಗರು ಕತ್ತೆತ್ತಿ ನೋಡಿದರು. ಬಣ್ಣದ ಲೈಟಿಲ್ಲ, ಹಳೆಯ ತೇಗದ ಜಂತಿಯೇ ಇತ್ತು, ಎಣ್ಣೆ ಹಚ್ಚಿ ಒರೆಸಿದ್ದು. "ಜಂತಿ ಭಾಳ ಚಂದ ಅದಾವ್ರಿ" ಎಂದು ಹೇಳಿ ಹೋಳಿಗೆಗೆ ಕೂತರು. ಗೋಡೆಯೊಳಗಿನ ವೈರನ್ನು ಯಾರೂ ನೋಡಲಿಲ್ಲ, ಯಾರೂ ಕೇಳಲೂ ಇಲ್ಲ.

ತಲೆ ಬೋಳಿಸಿಕೊಂಡ ಪಾಪು ಅಜ್ಜನ ತೊಡೆಯಿಂದ ಜಾರಿ, ದಬದಬ ಎಂದು ಸೀದಾ ಅಡುಗೆಕೋಣೆಗೆ ಹೋಯಿತು. ಕೊಟ್ರಮ್ಮ ಅಭ್ಯಾಸಬಲದಿಂದ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಜಡೆಪ್ಪ ಎದ್ದು ಹಿಂದೆಯೇ ಹೋದವನು ಬಾಗಿಲಲ್ಲೇ ನಿಂತ. ಕೂಸು ಎರಡೂ ಅಂಗೈಯಿಂದ ಫ್ರಿಜ್ ಬಾಗಿಲನ್ನು ಪಟಪಟ ಬಡಿಯಿತು. ಆಮೇಲೆ ಅದನ್ನೇ ಹಿಡಿದುಕೊಂಡು, ಮೊಣಕಾಲು ನಡುಗಿಸುತ್ತಾ, ಮೊದಲ ಸಲ ಎದ್ದು ನಿಂತಿತು.

"ಸುನಿತಾ, ಬಾ ಇಲ್ಲಿ, ಪಾಪು ನಿಂತ್ಳು ನೋಡು!" ಎಂದ ಜಡೆಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ.

ಆ ನೀಲಿ ಚಪ್ಪಲಿ ಈಗ ಹಿತ್ತಲ ಬಾಗಿಲಾಚೆ ಇದೆ. ಬೇಸಿಗೆಯಲ್ಲಿ ಜಡೆಪ್ಪ ಅದನ್ನು ಮೆಟ್ಟಿಕೊಂಡು ಹೋಗಿ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹೊಯ್ದು ಬರುತ್ತಾನೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುತ್ತಾನೆ, ಟಕ್ ಎಂದರೆ ಸರಿಯಿದೆ ಎಂದರ್ಥ. ಸುವರ್ಣಮ್ಮನ ಗೋಣಿಚೀಲವೂ ಈಗ ಜೋಳ ತುಂಬಲು ಹೋಗಿದೆ. ಅವರ ಮನೆಗೂ ಯಲ್ಲೇಶ್ ಬಂದು ಹೋದ.

ಇನ್ನು ನಿಮ್ಮ ಮಾತು. ಈ ಹಾಳೆ ಕೆಳಗಿಟ್ಟು ಒಮ್ಮೆ ನಿಮ್ಮ ಮನೆಯೊಳಗೆ ತಿರುಗಾಡಿ ಬನ್ನಿ. ಫ್ರಿಜ್ ಮುಂದೆ ಚಪ್ಪಲಿ ಇದೆಯೇ? ಮಷಿನ್ ಮುಂದೆ ಮಣೆಯೋ ಗೋಣಿಚೀಲವೋ ಇದೆಯೇ? ಇದ್ದರೆ ಇವತ್ತೇ ಆ ಪ್ಲಗ್ ಕಿತ್ತಿಡಿ, ನಾಳೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಹಳೆಯ ಮನೆಗೆ ಹೊಸ ಸಾಮಾನು ಖಂಡಿತ ತನ್ನಿ, ಬೇಡ ಅನ್ನುವವರು ಯಾರು? ಆದರೆ ಅದಕ್ಕೂ ಮೊದಲು ಹೊಸ ವೈರು, ಅರ್ಥಿಂಗ್, ಆರ್‌ಸಿಸಿಬಿ ಬರಲಿ. ಚಪ್ಪಲಿ ಮೆಟ್ಟಲು ನಿಮಗೆ ನೆನಪಿರುತ್ತದೆ, ಅಂಬೆಗಾಲಿಡುವ ಕೂಸಿಗೆ ಇರುವುದಿಲ್ಲ.