ಪೊದೆಯೂ ಅಲ್ಲ, ಕಾಡೂ ಅಲ್ಲ

“ಪುಸ್ತಕ ತಾನೆ? ಯಾರ ಕೈಲಾದ್ರೂ ಕಳ್ಸಿದ್ರಾಯ್ತು ಬುಡು,” ಎಂದರು ಅತ್ತೆ ದ್ರಾಕ್ಷಾಯಣಮ್ಮ, ತುರಿಯುತ್ತಿದ್ದ ಕಾಯಿಯಿಂದ ಕಣ್ಣೆತ್ತದೆ.

ನೆಂಟರೆಲ್ಲ ನಿನ್ನೆ ಗಣಾರಾಧನೆ ಮುಗಿಸಿ ಹೋಗಿದ್ದರು. ಇಂದು ಮತ್ತೆ ಚಟ್ನಿ ಆಗಬೇಕು. ಗಂಡ ಸತ್ತ ಮೇಲಿನ ಮೊದಲ ಮಾಮೂಲು ಬೆಳಿಗ್ಗೆ ಇದು ಎಂದು ವಿಮಲ ತನಗೇ ಹೇಳಿಕೊಂಡಳು. ವಾಕ್ಯ ಸರಿಯಾಗಿತ್ತು. ಏನೂ ಅನ್ನಿಸಲಿಲ್ಲ.

“ನಾನೇ ಕೊಟ್ಟು ಬರ್ತೀನಿ.”

“ಏನದು ಅಂಥಾದ್ದು?”

“ಆಸ್ಟ್ರೇಲಿಯಾದ್ದು. ಈಗಿನವರ ಪದ್ಯ.”

“ಕ್ರಿಕೆಟ್ ಆಡೋರು ಪದಾನೂ ಕಟ್ತಾರಾ?” ಅತ್ತೆ ತುರಿಮಣೆ ತಟ್ಟಿದರು. “ಹೊಸ್ಲು ದಾಟ್‌ಬ್ಯಾಡ. ನಾನಲ್ಲ, ಜನ ಅಂತಾರೆ ಕಣೇ.”

“ಜನ ಬಂದ್ರೆ ಶೆಟ್ಟಿಕೆರೆಗೆ ಹೋಗಿದಾಳೆ ಅನ್ನಿ.”

ಅತ್ತೆ ಬಸ್ಸಿನ ಹೊತ್ತಿಗೆ ಕೊಡೆ ತಂದು ಬಾಗಿಲಿಗೆ ಒರಗಿಸಿಟ್ಟರು.

ಪುಸ್ತಕ ಶೆಟ್ಟಿಕೆರೆಯ ಮರುಳಸಿದ್ದಯ್ಯನವರದು. ನಿವೃತ್ತ ಮೇಷ್ಟ್ರು. ವಿಮಲಳ ಗಂಡ ಬೆಟ್ಟಸ್ವಾಮಿ ತಿಪಟೂರಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದ. ಶನಿವಾರ ಬಂತೆಂದರೆ ಇಬ್ಬರೂ ಈ ಮನೆಯ ಜಗುಲಿಯಲ್ಲಿ ಕೂತು ಆ ದೇಶದ ಕವಿತೆ, ಕಾದಂಬರಿ ಎಂದು ಮಾತಿಗಿಳಿಯುವರು. ವಿಮಲ ಕಾಫಿ ಕೊಡುವಳು. ಅವಳೂ ಮೈಸೂರಿನಲ್ಲಿ ಎಂ.ಎ. ಮಾಡಿದವಳೆಂಬುದನ್ನು ಯಾರೂ ಮರೆತಿರಲಿಲ್ಲ. ಕೇಳಿರಲಿಲ್ಲ, ಅಷ್ಟೆ.

ಒಂದು ಕವಿತೆಯನ್ನು ಕನ್ನಡಕ್ಕೆ ತರಲು ‘ಬುಷ್’ ಎಂಬ ಒಂದೇ ಮಾತು, ಆ ದೇಶದವರು ತಮ್ಮ ಕುರುಚಲು ಬಯಲಿಗೆ ಅನ್ನುವ ಮಾತು, ಅಡ್ಡ ನಿಂತಿತ್ತು. ನಿಘಂಟು ನೋಡಿ ಬೆಟ್ಟಸ್ವಾಮಿ ‘ಪೊದೆ’ ಎಂದು ಹಾಕಿದ. ಕನ್ನಡದ ಕವಿತೆಯಲ್ಲಿ ಕುದುರೆ ಸಮೇತ ಒಬ್ಬ ಮನುಷ್ಯ ಪೊದೆಯಲ್ಲಿ ದಾರಿ ತಪ್ಪಿದ. ಮೇಷ್ಟ್ರು ನಕ್ಕು ಕಾಫಿ ಚೆಲ್ಲಿದ್ದರು. ‘ಕಾಡು’ ಎಂದರೆ ಮರಗಳು ಹೆಚ್ಚಾದವು.

ಮೇಷ್ಟ್ರು ಹೋದ ಮೇಲೆ ವಿಮಲ, “ಕಾವಲು ಅನ್ನಿ,” ಎಂದಿದ್ದಳು.

“ದನ ಮೇಯೋ ಜಾಗಾನಾ? ಕವಿತೇಲಿ?” ಎಂದಿದ್ದ ಬೆಟ್ಟಸ್ವಾಮಿ.

ಮರುದಿನ ಅವನಿಗೆ ಜ್ವರ ಬಂತು.

ತೆಂಗಿನ ತೋಟಗಳು ಮುಗಿದು ಬಸ್ಸು ಕಾವಲಿಗೆ ಬಂತು. ಕುರುಚಲು, ಒಣಹುಲ್ಲು, ದೂರದಲ್ಲಿ ಕುರಿಗಳು. ಬೇಲಿಯಿಲ್ಲ. ಹೆಸರು ಮಾತ್ರ ಕಾವಲು, ಕಾಯುವವರು ಯಾರೂ ಕಾಣಲಿಲ್ಲ. ನಗು ಬಂದಂತಾಯಿತು. ಪಕ್ಕದವಳು ನೋಡಿದಳೇನೋ ಎಂದು ಸೆರಗು ಸರಿಮಾಡಿಕೊಂಡಳು.

ಶೆಟ್ಟಿಕೆರೆಯಲ್ಲಿ ಮರುಳಸಿದ್ದಯ್ಯ ತಮ್ಮ ಜಗುಲಿಯಿಂದ ಎದ್ದು ನಿಂತರು. “ಯಾಕಮ್ಮ ಬರಕ್ಕೋದೆ? ನಾನೇ ಬತ್ತಿದ್ದೆ.”

“ಅವರು ತಂದಿದ್ದು.”

“ನಿನ್ ಹತ್ರಾನೇ ಇರ್ಲಿ. ಅವನ ನೆನಪಿಗೆ.”

“ಬೇಡ ಸಾರ್. ಎರವಲು ತಂದಿದ್ದು.”

ಮೇಷ್ಟ್ರು ಅವಳ ಕೈಲಿದ್ದ ಪುಸ್ತಕದ ಕಡೆ ನೋಡಿದರು. “ಆ ಪೊದೇಲಿ ಸಿಕ್ಕೊಂಡಿದ್ನಲ್ಲಾ, ಅವನು ಏನಾದ?” ಎಂದು ಕೇಳಿ, ಕೇಳಿದ್ದಕ್ಕೆ ನೊಂದವರಂತೆ ಮುಖ ತಿರುಗಿಸಿದರು.

“ಅದು ಕಾವಲು ಸಾರ್.”

ಅವರು ಸಾಲನ್ನು ತುಟಿಯಲ್ಲೇ ಹೇಳಿಕೊಂಡರು. ಮತ್ತೊಮ್ಮೆ ಹೇಳಿಕೊಂಡರು. “ಕಾವಲು. ಕೂತ್ಕೊಂತು ಕಣಮ್ಮ. ಎಂಥಾ ತಲೆ ಅವನ್ದು.”

ಕತ್ತು ಆಡಿಸಿದರೆ ಸಾಕಿತ್ತು. ಸತ್ತವನಿಗೆ ಒಂದು ಮಾತು ಬಿಟ್ಟುಕೊಡುವುದು ಕಷ್ಟವಲ್ಲ. ನೋಡಿದವರು ಮೆಚ್ಚುತ್ತಾರೆ.

“ಅವರಿಗೆ ಅದು ಹಿಡಿಸಲಿಲ್ಲ,” ಎಂದಳು. “ನಾನು ಹೇಳಿದ್ದು.”

ಮೇಷ್ಟ್ರು ಅವಳನ್ನೇ ನೋಡಿದರು. ಆಮೇಲೆ ಚಾಪೆಯನ್ನು ಅವಳ ಕಡೆಗೆ ಎಳೆದರು. “ಹಂಗಾದ್ರೆ ಕೂತ್ಕೊ. ಅದರ ಮುಂದಿನ ಸಾಲಿಗೇನ್ ಮಾಡ್ದೆ?”

ಅವಳು ಕೂತಳು. ಪುಸ್ತಕಕ್ಕೆ ಬೆಟ್ಟಸ್ವಾಮಿ ಹಾಕಿದ್ದ ಕಂದು ಕಾಗದದ ಬೈಂಡನ್ನು ನಿಧಾನವಾಗಿ ಬಿಡಿಸಿ, ಪುಸ್ತಕವನ್ನು ಅವರ ಕೈಗಿಟ್ಟಳು. ಬೈಂಡು ಅವಳ ಮಡಿಲಲ್ಲಿ ಉಳಿಯಿತು, ಪುಸ್ತಕದ ಆಕಾರದಲ್ಲೇ, ಒಳಗೆ ಏನೂ ಇಲ್ಲದೆ. ಬಯಲಿನ ಗಾಳಿಗೆ ಅದು ಮೆಲ್ಲಗೆ ತೆರೆದುಕೊಂಡಿತು. ಅವಳು ಮುಚ್ಚಲು ಹೋಗಲಿಲ್ಲ.