ಬದ್ಲಾಪುರದಿಂದಲೂ ಆಚೆ

ತುಳಸಿ ಎಲೆಯಿಂದ ಪೂಜಿತಾ ಅಪ್ಪನ ಬಾಯಿಗೆ ಬಿಟ್ಟ ನೀರು ಗಲ್ಲದ ಮೇಲೆ ಇಳಿಯಿತು. ಅಮ್ಮ ಜಲಜಾಕ್ಷಿ ಸೆರಗಿನಿಂದ ಒರಸಿದಳು. ಕಳ್ವಾ ಸ್ಟೇಷನ್ ಪಕ್ಕದ ಆ ಒಂದೇ ಕೋಣೆಯ ಮನೆಯ ತುಂಬ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಫ್ಯಾಕ್ಟರಿ ಕ್ಯಾಂಟೀನಿನವರು. ಅಪ್ಪ ಶಂಭು ಅಲ್ಲಿ ಮೂವತ್ತು ವರ್ಷ ಅಡುಗೆಗೆ ನಿಂತವನು. ನಿನ್ನೆ ಸಂಜೆ ಒಲೆಯ ಪಕ್ಕದ ಸ್ಟೂಲಿನಲ್ಲಿ ಕುಳಿತವನು ಮತ್ತೆ ಏಳಲಿಲ್ಲ.

“ಅಪ್ಪನಿಗೆ ಕೇಳಿಸ್ತೋ ಇಲ್ವೋ ಅಮ್ಮಾ,” ಪೂಜಿತಾ ಬೆಳಗಿನಿಂದ ಐದನೆಯ ಸಲ ಅಂದಳು. “‘ಮನೆ ಸಿಕ್ಕಿತು, ಸುತ್ತಿನ ಒಳಗೇ ಇತ್ತು, ಮಸುಕಾಗಿ’ ಅಂತ ನಿನ್ನೆ ಫೋನಿನಲ್ಲಿ ಅಂದೆ. ‘ಹಾಂ? ಹಾಂ?’ ಅಂದ್ರು. ಫ್ಯಾನಿನ ಗಲಾಟೆ. ಕಟ್ ಆಯ್ತು. ನಾಳೆ ಹೇಳುವ ಅಂತ ಬಿಟ್ಟೆ.”

*

ಮೂರು ವರ್ಷದ ಹಿಂದೆ ಅವಳು, ಖಗೋಳ ಸಂಶೋಧನೆಗೆ ಸೇರಿದ್ದ ಪುಣೆಯಿಂದ ಒಂದು ಚಿತ್ರ ತಂದಿದ್ದಳು. ಕಪ್ಪು ಆಕಾಶ, ನಡುವೆ ಪೆನ್ನಿನ ಸುತ್ತು, ಒಳಗೆ ಏನೂ ಇಲ್ಲ.

“ಇಲ್ಲಿ ಗಾಮಾ ಕಿರಣದ ಒಂದು ಕಿಡಿ ಹಾರಿತು ಅಪ್ಪಾ. ಎರಡು ಸೆಕೆಂಡೂ ಇರಲಿಲ್ಲ. ಯಾವ ಗ್ಯಾಲಕ್ಸಿಯದ್ದು ಅಂತ ಹುಡುಕಬೇಕು.”

“ಅಂದ್ರೆ ಅದರ ಮನೆ.”

“ಹೌದು. ಸುತ್ತಿನ ಆಚೆ ಪಕ್ಕದಲ್ಲಿ ದೊಡ್ಡ ಗ್ಯಾಲಕ್ಸಿಯೊಂದು ಉಂಟಲ್ಲ, ಎಲ್ಲರೂ ಅದೇ ಅಂತಾರೆ.”

ಶಂಭು ಚಿತ್ರವನ್ನು ದೂರ ಹಿಡಿದು ನೋಡಿದ. “ನಾನು ಎಸ್ಟೇಟಿನ ಗೇಟಲ್ಲಿ ನಿಂತಿದ್ರೆ ಫ್ಯಾಕ್ಟರಿ ನನ್ನದಾಗ್ತದಾ? ಇನ್ನೂ ಹುಡುಕು.”

ಆಮೇಲೆ ಪ್ರತಿ ಫೋನಿನಲ್ಲೂ ಒಂದೇ ಮಾತು: “ಮನೆ ಸಿಕ್ಕಿತಾ?”

*

ಶಂಭುವಿನ ಜೊತೆ ಇಷ್ಟು ವರ್ಷ ಒಲೆ ಮುಂದೆ ನಿಂತ ದಯಾನಂದ ಹಾರ ಇಟ್ಟು ಪೂಜಿತಾಳ ಹತ್ತಿರ ಕುಳಿತ.

“ಒಂದು ಸಮಾಧಾನ ಮಗಾ, ನಿನಗೆ ಮನೆ ಸಿಕ್ಕಿದ ಮೇಲೆ ಹೋದ. ಮೂರು ವರ್ಷ ಅದೇ ರಗಳೆ ಅವನದ್ದು. ದಿವಾ ಸ್ಟೇಷನ್ ಹತ್ತಿರ ಒನ್ ಬಿಎಚ್‌ಕೆ ಉಂಟು, ತೋರಿಸ್ತೇನೆ ಅಂದ್ರೆ ನಗ್ತಿದ್ದ.”

ಪೂಜಿತಾ ತಲೆಯೆತ್ತಿದಳು. “ಸಿಕ್ಕಿತು ಅಂತ ಯಾರು ಹೇಳಿದ್ದು ಮಾಮಾ?”

“ಅವನೇ! ನಿನ್ನೆ ಮಧ್ಯಾಹ್ನ ನಿನ್ನ ಫೋನ್ ಬಂತಲ್ಲ, ಕೂಡಲೇ ಸಿಹಿ ಅಂತ ಶೀರಾ ಮಾಡಿ ಎಲ್ಲರಿಗೂ ಪುಕ್ಕಟೆ ಹಂಚಿದ. ಎಲ್ಲಿ ಮಾರಾಯ ಮನೆ ಅಂದೆ. ಲೋಕಲ್ ಟ್ರೈನಿನ ಬದ್ಲಾಪುರದಿಂದಲೂ ಆಚೆ ಅಂದ. ಸ್ಟೇಷನ್ನಿಂದ ಎಷ್ಟು ದೂರ ಅಂದೆ. ಬೆಳಕಿಗೇ ನೂರಾರು ಕೋಟಿ ವರ್ಷ ಬೇಕು ಅಂದ. ಹಾಗಾದ್ರೆ ರಿಕ್ಷಾದವ ಬರುದಿಲ್ಲ ಅಂತ ಹೇಳಿದೆ.”

ಮೊದಲು ನಕ್ಕಿದ್ದು ಜಲಜಾಕ್ಷಿ. ಪೂಜಿತಾ ಅಳುತ್ತಲೇ ನಕ್ಕಳು.

ದಯಾನಂದ ಮೊಬೈಲ್ ತೆಗೆದು ನಿನ್ನೆಯ ಫೋಟೋ ತೋರಿಸಿದ. ಕ್ಯಾಂಟೀನಿನ ಕರಿಹಲಗೆ. ‘ಶೀರಾ ಫುಕಟ್’ ಎಂದು ಶಂಭುವಿನ ಸೊಟ್ಟ ಅಕ್ಷರ. ಕೆಳಗೆ ಮೂಲೆಯಲ್ಲಿ ಸೀಮೆಸುಣ್ಣದ ಒಂದು ಸುತ್ತು. ಅದರ ಒಳಗೆ, ಬೆರಳಿನಿಂದ ಉಜ್ಜಿ ಮಸುಕು ಮಾಡಿದ ಒಂದು ಚುಕ್ಕೆ.